ನಮ್ಮ ಸಂಘಕ್ಕೆ ಪಾಲಿಕೆಯಿಂದ ಹಣ ಸಿಗುತ್ತದೆಯೇ?

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಬಡಾವಣೆ ನಮ್ಮದು. ನಾವು ಹದಿನಾರು ಜನ. ಇಬ್ಬರು ಶಿಕ್ಷಕಿಯರು, ಒಬ್ಬರು ಆಟೊ ಓಡಿಸುತ್ತಾರೆ, ನಾಲ್ವರು ಕಾಲೇಜು ಹುಡುಗರು, ಉಳಿದವರು ಅಂಗಡಿ, ಭಟ್ಟಿ ಕೆಲಸದವರು. ಮೂರು ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಕೆರೆ ಏರಿ ಮತ್ತು ಪಾರ್ಕು ಸ್ವಚ್ಛ ಮಾಡುತ್ತಿದ್ದೇವೆ. ಸಂಜೆ ನಮ್ಮಲ್ಲೊಬ್ಬರ ಮನೆಯ ಪಡಸಾಲೆಯಲ್ಲಿ ಭಟ್ಟಿ ಕಾರ್ಮಿಕರ ಮೂವತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ. ಖರ್ಚೆಲ್ಲ ನಮ್ಮ ಕೈಯಿಂದಲೇ. ಈಗ ತಿಂಗಳ ಕೊನೆಗೆ ಕಷ್ಟವಾಗುತ್ತಿದೆ. ಸಹಾಯಧನ ಕೇಳಲು ಹೋದಾಗ ಅಧಿಕಾರಿಯೊಬ್ಬರು ಪ್ರೀತಿಯಿಂದಲೇ ಮಾತಾಡಿಸಿ, "ನಿಮ್ಮ ಕೆಲಸ ಒಳ್ಳೇದೇ, ಆದ್ರೆ ಹಂಗೆಲ್ಲ ಕೊಡಾಕೆ ಬರಲ್ಲ ನೋಡ್ರಿ" ಅಂದರು. ಇನ್ನೊಬ್ಬರು, ಕಚೇರಿಯವರಲ್ಲ, ಹೊರಗೆ ಸಿಕ್ಕಿ, ಎರಡು ಲಕ್ಷ ಮಂಜೂರು ಮಾಡಿಸುತ್ತೇನೆ, ಅದರಲ್ಲಿ ಇಪ್ಪತ್ತು ಸಾವಿರ ನನಗೆ ಬಿಡಿ ಅಂದರು. ಸಂಘವನ್ನು ನೋಂದಣಿ ಮಾಡಿಸಿದರೆ ತೆರಿಗೆ ಬೀಳುತ್ತದೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ಹಣ ತೆಗೆದುಕೊಂಡರೆ ಚುನಾವಣೆ ಹೊತ್ತಿಗೆ ಬಾವುಟ ಹಿಡಿಯಬೇಕಾಗುತ್ತದೆ ಎಂಬ ಭಯ ನಮ್ಮ ಹುಡುಗರಿಗೆ. ಏನು ಮಾಡೋಣ? ನಮ್ಮಂಥವರಿಗೆ ತರಬೇತಿ ಕೊಡುವವರು ಯಾರಾದರೂ ಇದ್ದಾರೆಯೇ? ನಮ್ಮ ಖರ್ಚಿನ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದ್ದೇವೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಹಣದ ಬಗ್ಗೆ, ಆದರೆ ಸಾಲುಗಳ ನಡುವೆ ಇರುವ ಆತಂಕ ಬೇರೆ. ಮೂರು ವರ್ಷ ಯಾರ ಹಂಗೂ ಇಲ್ಲದೆ ಕಟ್ಟಿದ್ದನ್ನು ದುಡ್ಡಿನ ಕಾರಣಕ್ಕೆ ಕಳೆದುಕೊಳ್ಳುತ್ತೇವೋ, ದುಡ್ಡು ಬಂದ ಕಾರಣಕ್ಕೆ ಕಳೆದುಕೊಳ್ಳುತ್ತೇವೋ ಎಂಬುದು ನಿಮಗೆ ಗೊತ್ತಾಗುತ್ತಿಲ್ಲ. ನಾನು ಇಪ್ಪತ್ತೇಳು ವರ್ಷ ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಲೆಕ್ಕ ತಪಾಸಣೆ ಮಾಡಿದವನು. ನಿವೃತ್ತನಾದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಣ್ಣ ಸಂಘಗಳಿಗೆ ಲೆಕ್ಕ ಬರೆಯುವುದನ್ನು ಹೇಳಿಕೊಡುತ್ತಿದ್ದೇನೆ. ಮೇಜಿನ ಎರಡೂ ಕಡೆ ಕೂತಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ.

ನಿಮಗೆ "ಕೊಡಾಕೆ ಬರಲ್ಲ" ಅಂದ ಅಧಿಕಾರಿ ಸುಳ್ಳು ಹೇಳಲಿಲ್ಲ. ಪಾಲಿಕೆಯಲ್ಲಿ ಸಂಘಗಳಿಗೆ ಹಂಚಲೆಂದೇ ಒಂದು ಗಂಟು ಇರುತ್ತದೆ, ಗೊತ್ತಿದ್ದವರಿಗೆ ಅದು ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜಸ್ಥಿತಿ ಹಾಗಿಲ್ಲ. ಸ್ಥಳೀಯ ಸಂಸ್ಥೆಗೆ ಬರುವ ಹಣದ ಪ್ರತಿ ರೂಪಾಯಿಗೂ ಬರುವಾಗಲೇ ಒಂದು ಹೆಸರು ಅಂಟಿಕೊಂಡಿರುತ್ತದೆ. ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಹದಿನೈದನೇ ಆಯೋಗದ 2021–26ರ ಅವಧಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಬಂದ ಹಣದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟುಹಾಕಿದ್ದರು. ನಗರ ಸಂಸ್ಥೆಗಳಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡಬೇಕು. ಸಂಬಳ, ಬೀದಿದೀಪದ ಕರೆಂಟ್ ಬಿಲ್, ನೀರಿನ ಪಂಪು, ಕಸದ ಗಾಡಿಯ ಡೀಸೆಲ್ ಕಳೆದರೆ ಕೈಬಿಟ್ಟು ಖರ್ಚು ಮಾಡುವಂಥದ್ದು ಬಹಳ ಕಡಿಮೆ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಆಡಿಟ್ಟಿನ ಹೆದರಿಕೆ. ಇದನ್ನು ಹೊರಗಿನವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಬ್ಬ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಒಂದು ಸಂಘಕ್ಕೆ ಐವತ್ತು ಸಾವಿರ ಕೊಟ್ಟರು ಅನ್ನಿ. ವರ್ಷದ ನಂತರ ನಮ್ಮಂಥವರು ಹೋಗಿ ಕೇಳುತ್ತೇವೆ: ಯಾವ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಬಜೆಟ್ಟಿನ ಯಾವ ಖರ್ಚಿನ ಹೆಸರಿನಡಿ ಕೊಟ್ಟಿರಿ? ಸಭೆಯ ಠರಾವು ಎಲ್ಲಿ? ಹಣ ಬಳಕೆ ಪ್ರಮಾಣಪತ್ರ ಎಲ್ಲಿ? ಇದೇ ಸಂಘಕ್ಕೆ ಏಕೆ, ಪಕ್ಕದ ಬೀದಿಯ ಸಂಘಕ್ಕೆ ಏಕಿಲ್ಲ? ಉತ್ತರವಿಲ್ಲದಿದ್ದರೆ ಆಕ್ಷೇಪಣೆ ಬರೆಯುತ್ತೇವೆ. ಅದು ತೀರುವವರೆಗೆ ಆ ಅಧಿಕಾರಿಯ ನೆತ್ತಿಯ ಮೇಲೆ ತೂಗುತ್ತಿರುತ್ತದೆ, ಕೆಲವೊಮ್ಮೆ ನಿವೃತ್ತಿಯ ದಿನದವರೆಗೂ.

ನಾನೇ ಬರೆದ ಒಂದು ಆಕ್ಷೇಪಣೆ ಇವತ್ತಿಗೂ ನನ್ನನ್ನು ಕಾಡುತ್ತದೆ. ಒಂದು ಊರಿನ ಯುವಕರ ಸಂಘ ಬೇಸಿಗೆಯಲ್ಲಿ ನೀರಿನ ಅರವಟ್ಟಿಗೆ ನಡೆಸಿತ್ತು. ಸ್ಥಳೀಯ ಸಂಸ್ಥೆ ಹನ್ನೆರಡು ಸಾವಿರ ಕೊಟ್ಟಿತ್ತು. ಕಡತ ತೆಗೆದರೆ ಒಳಗೆ ಒಂಬತ್ತು ಬಿಲ್ಲು. ಒಂಬತ್ತೂ ಒಂದೇ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಒಂದೇ ನೀಲಿ ಪೆನ್ನು, ಒಂದೇ ಕೈಬರಹ, ಕೆಳಗೆ ಬೇರೆ ಬೇರೆ ಅಂಗಡಿಗಳ ಹೆಸರು. ನೋಡಿದವರು ಯಾರಾದರೂ ಕಳ್ಳಲೆಕ್ಕ ಅನ್ನುತ್ತಿದ್ದರು. ನಾನೂ ಬರೆದೆ, ನಿಯಮದ ಪ್ರಕಾರ ಬರೆಯಲೇಬೇಕಿತ್ತು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಆ ಹುಡುಗರು ಮಡಕೆ, ಬೆಲ್ಲ, ನಿಂಬೆಹಣ್ಣು ಎಲ್ಲವನ್ನೂ ಸಂತೆಯಲ್ಲಿ ಕೊಂಡಿದ್ದರು. ಸಂತೆಯಲ್ಲಿ ಯಾರು ರಸೀದಿ ಕೊಡುತ್ತಾರೆ? ಕಚೇರಿಯಲ್ಲಿ ಬಿಲ್ಲು ಕೇಳಿದರೆಂದು ಒಬ್ಬ ಹುಡುಗ ಒಂದೇ ರಾತ್ರಿ ಕೂತು ಎಲ್ಲ ಬರೆದಿದ್ದ. ಒಂದು ರೂಪಾಯಿಯನ್ನೂ ಯಾರೂ ತಿಂದಿರಲಿಲ್ಲ. ಆದರೂ ಮುಂದಿನ ವರ್ಷ ಆ ಅರವಟ್ಟಿಗೆ ಇರಲಿಲ್ಲ. ಕೊಂಡ ದಿನವೇ ಏನು, ಎಷ್ಟು, ಯಾರಿಂದ ಎಂದು ಬರೆದು, ಕೊಂಡವರು ಮತ್ತು ಜೊತೆಗಿದ್ದ ಇಬ್ಬರು ಸಹಿ ಮಾಡಿದ ಒಂದು ವೋಚರ್ ಇದ್ದಿದ್ದರೆ ಸಾಕಿತ್ತು ಎಂಬುದನ್ನು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಈ ಕೆಲಸಕ್ಕೆ ನಾನು ಇಳಿದದ್ದೇ ಆ ಕಡತದಿಂದ.

ಹಾಗಾಗಿ ನನ್ನ ಮೊದಲ ಸಲಹೆ: ಸಹಾಯಧನ ಎಂಬ ಪದವನ್ನು ಅರ್ಜಿಯಿಂದ ತೆಗೆಯಿರಿ. ನಿಮ್ಮ ಕೆಲಸದಲ್ಲಿ ಪಾಲಿಕೆಯೇ ಮಾಡಬೇಕಾದ ಭಾಗ ಯಾವುದು ಎಂದು ಬೇರೆ ಮಾಡಿ, ಅದಕ್ಕೆ ಮಾತ್ರ ವಸ್ತುರೂಪದ ನೆರವು ಕೇಳಿ. ಕಸ ಸಾಗಿಸುವುದು ಪಾಲಿಕೆಯ ಕರ್ತವ್ಯ, ಪಾರ್ಕಿನ ನಿರ್ವಹಣೆಯೂ ಅದರದ್ದೇ. ಕರ್ತವ್ಯವಿರುವಲ್ಲಿ ಲೆಕ್ಕಶೀರ್ಷಿಕೆಯೂ ಇರುತ್ತದೆ, ಅಲ್ಲಿ ಅಧಿಕಾರಿಯ ಕೈ ನಡುಗುವುದಿಲ್ಲ. "ದಯಾಪರರಾದ ತಾವು ನಮ್ಮ ಸಮಾಜಸೇವೆಯನ್ನು ಪರಿಗಣಿಸಿ ಸಹಾಯಧನ ಮಂಜೂರು ಮಾಡಬೇಕೆಂದು ವಿನಂತಿ" ಎಂದು ಬರೆದ ಅರ್ಜಿಯನ್ನು ಯಾರು ಯಾವ ವಿಭಾಗಕ್ಕೆ ಕಳಿಸಬೇಕು? ಅದು ಮೇಜಿನಿಂದ ಮೇಜಿಗೆ ತಿರುಗುತ್ತದೆ. ಅದರ ಬದಲು ಹೀಗೆ ಬರೆಯಿರಿ: "ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 6ರಿಂದ 9ರವರೆಗೆ ನಾವು ಹದಿನಾರು ಜನ ಇಂಥ ಪಾರ್ಕು ಮತ್ತು ಕೆರೆ ಏರಿಯ ಇಷ್ಟು ಉದ್ದದ ಭಾಗವನ್ನು ಸ್ವಚ್ಛಗೊಳಿಸುತ್ತೇವೆ. ಸುಮಾರು ಇಪ್ಪತ್ತೈದು ಚೀಲ ಒಣಕಸ ಸಿಗುತ್ತದೆ. ಅಂದು 9 ಗಂಟೆಗೆ ಒಂದು ಆಟೊ ಟಿಪ್ಪರ್, ಹದಿನಾರು ಜೊತೆ ಕೈಗವಸು ಮತ್ತು ಈ ಕೆಲಸಕ್ಕೆ ಲಿಖಿತ ಅನುಮತಿ ಬೇಕು." ಇದು ನೇರವಾಗಿ ಆರೋಗ್ಯ ನಿರೀಕ್ಷಕರ ಮೇಜಿಗೆ ಹೋಗುತ್ತದೆ. ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಬಹುದಾದ ಅರ್ಜಿ ಇದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ಲಿಖಿತ ಅನುಮತಿ ಏಕೆ ಎಂದು ಕೇಳಬಹುದು. ಕೆರೆ ಯಾರದ್ದು ಎಂಬುದು ನಮ್ಮಲ್ಲಿ ಸಲೀಸಾದ ಪ್ರಶ್ನೆಯಲ್ಲ. ಊರೊಳಗಿನ ಕೆರೆ ನಗರ ಸಂಸ್ಥೆಯ ಕೈಯಲ್ಲಿರಬಹುದು, ಕುಂದುವಾಡ ಕೆರೆಯ ಹಾಗೆ ಕುಡಿಯುವ ನೀರಿನದ್ದಾಗಿರಬಹುದು. ಹಳ್ಳಿಗಳಲ್ಲಿ ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತದೆ. ಅನುಮತಿ ಇಲ್ಲದೆ ನೆಟ್ಟ ಗಿಡವನ್ನು ನಾಳೆ ಏರಿ ಬಲಪಡಿಸಲು ಬಂದ ಗುತ್ತಿಗೆದಾರ ಕಿತ್ತರೆ ನೀವು ಕೇಳುವ ಹಾಗಿಲ್ಲ. ಕೆರೆ ಏರಿಯ ಮೇಲೆ ದೊಡ್ಡ ಮರ ಬೆಳೆಸುವುದಂತೂ ಬೇಡವೇ ಬೇಡ. ಬೇರು ಇಳಿದಲ್ಲಿ ನೀರಿಗೆ ದಾರಿಯಾಗುತ್ತದೆ, ಏರಿ ಸಡಿಲವಾಗುತ್ತದೆ.

ಈ ಮಾತು ಬಂದಾಗಲೇ ಸುರಕ್ಷತೆಯದ್ದನ್ನೂ ಹೇಳಿಬಿಡುತ್ತೇನೆ. ಕಾಲೇಜು ಹುಡುಗರು ಹುರುಪಿನಲ್ಲಿ ನೀರಿಗೆ ಇಳಿಯುತ್ತಾರೆ, ಚರಂಡಿಗೂ ಇಳಿಯುತ್ತಾರೆ. ಬಿಡಬೇಡಿ. ಒಳಚರಂಡಿ ಗುಂಡಿಗೆ, ಮಲದ ಗುಂಡಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸೇವೆಯ ಹೆಸರಿನಲ್ಲೂ ಅದು ಕೂಡದು. ನಿಮ್ಮ ಹದಿನಾರು ಜನರಿಗೂ ಬ್ಯಾಂಕ್ ಖಾತೆ ಇರುತ್ತದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಸಂಭವಿಸಿದರೆ 2 ಲಕ್ಷ. ವಯಸ್ಸು 18ರಿಂದ 70. ಹದಿನಾರು ಜನಕ್ಕೆ 320 ರೂಪಾಯಿ. ಮುಂದಿನ ಭಾನುವಾರದೊಳಗೆ ಇದು ಆಗಿಬಿಡಲಿ.

ಇನ್ನು ಇಪ್ಪತ್ತು ಸಾವಿರ ಕೇಳಿದ ಮನುಷ್ಯ. ಅವರಿಂದ ದೂರವಿರಿ ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ, ಆದರೆ ಕಾನೂನು ಬದಲಾಗಿರುವುದು ಬಹಳ ಜನಕ್ಕೆ ಗೊತ್ತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಮಧ್ಯವರ್ತಿಯ ಮೂಲಕ ಕೊಟ್ಟರೂ ಅಷ್ಟೆ. ಬಲವಂತಕ್ಕೆ ಕೊಟ್ಟಿದ್ದೇ ಆದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ನಮ್ಮ ರಾಜ್ಯದಲ್ಲಿ ಈಗ ಅದು ಲೋಕಾಯುಕ್ತ. ಆ ಇಪ್ಪತ್ತು ಸಾವಿರವನ್ನು ನೀವು ಲೆಕ್ಕದಲ್ಲಿ ಏನೆಂದು ಬರೆಯುತ್ತೀರಿ? ಪುಸ್ತಕದಲ್ಲಿ ಎರಡು ಲಕ್ಷ ಬಂದಿರುತ್ತದೆ, ಕೈಗೆ ಒಂದು ಲಕ್ಷದ ಎಂಬತ್ತು ಸಾವಿರ. ಆ ವ್ಯತ್ಯಾಸ ಮುಚ್ಚಲು ಮೊದಲ ಸುಳ್ಳು ಬಿಲ್ಲು ಹುಟ್ಟುತ್ತದೆ. ಅಲ್ಲಿಗೆ ನಿಮ್ಮ ಶಿಕ್ಷಕಿಯರು, ಆಟೊ ಓಡಿಸುವವರು ಎಲ್ಲರೂ ಸಹಿ ಹಾಕಿದ ತಪ್ಪಿತಸ್ಥರಾಗುತ್ತಾರೆ, ಆತ ಯಾವ ಕಾಗದದಲ್ಲೂ ಇರುವುದಿಲ್ಲ.

ನೋಂದಣಿ ಮಾಡಿಸಿದರೆ ತೆರಿಗೆ ಬೀಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೆರಿಗೆ ಹುಟ್ಟುವುದು ಆದಾಯದಿಂದ, ನೋಂದಣಿಯಿಂದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಕನಿಷ್ಠ ಏಳು ಜನ ಸದಸ್ಯರು, ಒಂದು ಉದ್ದೇಶಪತ್ರ, ಒಂದು ಬೈಲಾ ಇದ್ದರೆ ಸಹಕಾರ ಇಲಾಖೆಯಡಿ ಬರುವ ಜಿಲ್ಲಾ ನೋಂದಣಾಧಿಕಾರಿಯ ಬಳಿ ನೋಂದಾಯಿಸಬಹುದು. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಆಗುತ್ತವೆ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬೇಕೆಂದರೆ ಜನ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ಇಲಾಖೆಯ ಪ್ರತ್ಯೇಕ ನೋಂದಣಿಗಳು ಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣಕ್ಕೆ ಅವೂ ಬೇಕು, ಸಿಎಸ್‌ಆರ್-1 ಅರ್ಜಿಯೂ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಅಷ್ಟು ದೂರದ ಮಾತು ಈಗ ನಿಮಗೆ ಬೇಡ.

ಆದರೆ ನೋಂದಣಿಯ ಭಾರವನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲಾರೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕಡ್ಡಾಯ. ಸಭೆಯಾದ ಮೇಲೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಲೆಕ್ಕ ಪರಿಶೋಧಕರಿಗೆ ಶುಲ್ಕ ಕೊಡಬೇಕು. ನಾನು ನೋಡಿದ ಸಂಘಗಳು ಸೊರಗುವುದು ಹೀಗೆ: ಉತ್ಸಾಹದಲ್ಲಿ ನೋಂದಣಿ, ಮೊದಲ ವರ್ಷ ಸಭೆ, ಎರಡನೇ ವರ್ಷ ಕಾರ್ಯದರ್ಶಿಗೆ ಬೆಂಗಳೂರಿನಲ್ಲಿ ಕೆಲಸ, ಮೂರನೇ ವರ್ಷ ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ ಎಂದೇ ಗೊತ್ತಿಲ್ಲ. ಐದಾರು ವರ್ಷದ ಬಾಕಿ ದಾಖಲೆ ಸಲ್ಲಿಸಲು ದಂಡ ಕಟ್ಟುತ್ತಾ ಕೂತವರನ್ನು ಕಂಡಿದ್ದೇನೆ. ಇನ್ನೊಂದು ಅಪಾಯ ಅಧ್ಯಕ್ಷಗಿರಿಯದ್ದು. ಪೊರಕೆ ಹಿಡಿದು ಜೊತೆಯಲ್ಲಿ ಗುಡಿಸುತ್ತಿದ್ದವರ ನಡುವೆ ಲೆಟರ್‌ಹೆಡ್ ಬಂದ ಕೂಡಲೇ ಜಗಳ ಶುರುವಾಗುತ್ತದೆ. ಬೈಲಾದಲ್ಲಿ ಎರಡು ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗಲೇಬೇಕು, ಖಜಾಂಚಿ ಮತ್ತು ಅಧ್ಯಕ್ಷರು ಒಂದೇ ಮನೆಯವರಾಗಿರಬಾರದು ಎಂಬ ಎರಡು ಸಾಲು ಸೇರಿಸಿ. ಕಾನೂನು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

ನಿಮ್ಮ ವಿಷಯದಲ್ಲಿ ನನ್ನ ತೀರ್ಮಾನ: ನೋಂದಣಿ ಮಾಡಿಸಿ, ಆದರೆ ಈಗಲೇ ಬೇಡ. ಒಂದು ವರ್ಷ ನಡಾವಳಿ, ನಗದು ಪುಸ್ತಕ, ಹಾಜರಿ ಈ ಮೂರನ್ನು ತಪ್ಪದೆ ಬರೆಯಿರಿ. ಬರೆಯಲು ಆದರೆ ನೋಂದಣಿಯನ್ನೂ ತಡೆದುಕೊಳ್ಳುತ್ತೀರಿ. ಆಗದಿದ್ದರೆ ನೋಂದಣಿ ಇಲ್ಲದೆಯೇ ಉಳಿಯುವುದು ಮರ್ಯಾದೆಯ ದಾರಿಯೇ. ಸ್ವಚ್ಛತೆಗೆ ಟಿಪ್ಪರ್ ಕೇಳಲು ನೋಂದಣಿ ಬೇಕಿಲ್ಲ. ನೋಂದಣಿ ನಿಜಕ್ಕೂ ಬೇಕಾಗುವುದು ದಾನಿಗಳಿಂದ ದೊಡ್ಡ ಮೊತ್ತ ಪಡೆಯುವಾಗ, ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವಾಗ ಮತ್ತು ವಾರ್ಡ್ ಸಮಿತಿಯಲ್ಲಿ ಜಾಗ ಕೇಳುವಾಗ.

ವಾರ್ಡ್ ಸಮಿತಿಯ ಬಗ್ಗೆ ಎರಡು ಮಾತು. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. 2007ರಲ್ಲಿ ಮಹಾನಗರ ಪಾಲಿಕೆಯಾಗಿದೆ, 45 ವಾರ್ಡುಗಳಿವೆ. ರಾಜ್ಯದ ಪಾಲಿಕೆ ಕಾಯ್ದೆಯಲ್ಲಿ ಈ ಸಮಿತಿಗಳಲ್ಲಿ ನಿವಾಸಿಗಳ ಸಂಘದ ಪ್ರತಿನಿಧಿಗಳಿಗೂ ಜಾಗವಿದೆ. ಪಾರ್ಕಿಗೆ ಗೇಟು ಬೇಕೋ ದೀಪ ಬೇಕೋ ಎಂಬುದನ್ನು ಬಜೆಟ್ಟಿಗೆ ಮುಂಚೆ ಹೇಳುವ ಜಾಗ ಅದು. ಬಜೆಟ್ ತಯಾರಿಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬಂದಿರುತ್ತದೆ. ಹೋಗಿ. ಹದಿನಾರು ಜನ ಹೋಗುವುದು ಬೇಡ, ಇಬ್ಬರು ಒಂದು ಪುಟದ ಬೇಡಿಕೆ ಹಿಡಿದು ಹೋದರೆ ಸಾಕು.

ಮಕ್ಕಳ ಸಂಜೆ ಪಾಠದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಇದೇ. ಭಟ್ಟಿಯ ಹೊಗೆ, ಹೊಟ್ಟಿನ ಧೂಳು, ಬಿಸಿ ಮರಳಿನ ಪಕ್ಕದಲ್ಲಿ ಬೆಳೆಯುವ ಮಕ್ಕಳಿಗೆ ಸಂಜೆ ಎರಡು ತಾಸು ತಣ್ಣಗೆ ಕೂತು ಓದುವ ಜಾಗ ಸಿಗುವುದು ಸಣ್ಣ ಮಾತಲ್ಲ. ಇದಕ್ಕೆ ಪಾಲಿಕೆಯ ಬಾಗಿಲು ಬಡಿಯುವ ಮೊದಲು ಗ್ರಂಥಾಲಯದ ಬಾಗಿಲು ಬಡಿಯಿರಿ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದೊಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು, ಅಂದರೆ ರೂಪಾಯಿಗೆ ಆರು ಪೈಸೆ ಅದಕ್ಕೇ ವಸೂಲಾಗುತ್ತದೆ. ನಿಮ್ಮ ಬಡಾವಣೆಯ ಪ್ರತಿ ಮನೆಯೂ ಅದನ್ನು ಕಟ್ಟಿದೆ. ನಗರ ಕೇಂದ್ರ ಗ್ರಂಥಾಲಯದ ಅಧಿಕಾರಿಯನ್ನು ಕಂಡು, ನಮ್ಮಲ್ಲಿ ಮೂವತ್ತು ಮಕ್ಕಳಿದ್ದಾರೆ, ಹತ್ತಿರದಲ್ಲಿ ಶಾಖೆ ಇಲ್ಲ, ಮಕ್ಕಳ ಪುಸ್ತಕಗಳನ್ನು ಎರವಲು ಕೊಡಲು ಸಾಧ್ಯವೇ, ಮುಂದೆ ಶಾಖೆ ಅಥವಾ ಓದುವ ಕೊಠಡಿ ತೆರೆಯಲು ಸಾಧ್ಯವೇ ಎಂದು ಕೇಳಿ. ಇದನ್ನು ದಾನದಂತೆ ಕೇಳಬೇಕಿಲ್ಲ, ಕರ ಕಟ್ಟಿದವರಾಗಿ ಕೇಳಿ. ಪುಸ್ತಕ ಬಂದರೆ ಎರವಲು ರಿಜಿಸ್ಟರ್ ನಿಮ್ಮ ಹೊಣೆ. ಮೂವತ್ತು ಪುಸ್ತಕದಲ್ಲಿ ಎರಡು ಹರಿದರೆ ಎರಡೂ ದಾಖಲೆಯಲ್ಲಿ ಇರಲಿ.

ಜಾಗಕ್ಕೆ ಇನ್ನೊಂದು ದಾರಿ, ಹತ್ತಿರದ ಸರ್ಕಾರಿ ಶಾಲೆ. ಅಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ, ಪೋಷಕರೇ ಅದರ ಸದಸ್ಯರು. ನಿಮ್ಮ ಮೂವತ್ತು ಮಕ್ಕಳಲ್ಲಿ ಕೆಲವರ ಅಪ್ಪ ಅಮ್ಮ ಅದರಲ್ಲಿ ಇದ್ದರೂ ಇರಬಹುದು. ಶಾಲೆ ಬಿಟ್ಟ ಮೇಲೆ ಒಂದು ಕೊಠಡಿ ಬಳಸಲು ಸಮಿತಿಯ ಠರಾವು ಮತ್ತು ಮುಖ್ಯ ಶಿಕ್ಷಕರ ಪತ್ರ ಪಡೆಯಿರಿ. ಖಾಸಗಿ ಮನೆಯ ಪಡಸಾಲೆಗಿಂತ ಅದು ಮೇಲು. ಕಾರಣ ಹೇಳುವುದು ನನಗೂ ಮುಜುಗರ, ಆದರೆ ಹೇಳಬೇಕು. ಮಕ್ಕಳ ಜೊತೆ ಕೆಲಸ ಮಾಡುವ ಕಡೆ ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು, ಯಾವ ಮಗು ಎಷ್ಟು ಹೊತ್ತಿಗೆ ಯಾರ ಜೊತೆ ಹೋಯಿತು ಎಂದು ಬರೆದಿರಬೇಕು. ನಿಮ್ಮಲ್ಲಿ ಯಾರ ಮೇಲೂ ಅನುಮಾನದಿಂದ ಹೇಳುತ್ತಿಲ್ಲ. ಮಕ್ಕಳಿಗೂ ನಿಮಗೂ ಇದೇ ರಕ್ಷಣೆ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ಮಕ್ಕಳಿಗೆ ಕಾಣುವಷ್ಟು ಎತ್ತರದಲ್ಲಿ ಬರೆಯಿರಿ.

ತರಬೇತಿ ಕೇಳಿದ್ದೀರಿ. ಸ್ವಯಂಸೇವಾ ಸಂಘ ನಡೆಸುವುದು ಹೇಗೆ ಎಂದೇ ಕಲಿಸುವ ಒಂದು ಕೊಠಡಿಯನ್ನು ನಮ್ಮ ಜಿಲ್ಲೆಯಲ್ಲಿ ತೋರಿಸಲು ನನಗೆ ಆಗದು, ಬಿಡಿಬಿಡಿಯಾಗಿ ಹೆಕ್ಕಿಕೊಳ್ಳಬೇಕು. ಕಾಲೇಜು ಹುಡುಗರಿಗೆ ನೆಹರು ಯುವ ಕೇಂದ್ರದ ದಾರಿ ಇದೆ. 1972ರಿಂದ ಯುವಕ ಮಂಡಳಗಳನ್ನು ಕಟ್ಟುತ್ತಾ ಬಂದ ಈ ವ್ಯವಸ್ಥೆ ಈಗ ಮೇರಾ ಯುವ ಭಾರತ ಎಂಬ ಹೆಸರಿನಡಿ ನಡೆಯುತ್ತಿದೆ. 15ರಿಂದ 29 ವರ್ಷದವರಿಗೆ ಮುಂದಾಳತ್ವದ ಶಿಬಿರಗಳಿರುತ್ತವೆ. ಸದಸ್ಯರಲ್ಲಿ ಯಾರಾದರೂ ಟೇಲರಿಂಗ್, ಮೊಬೈಲ್ ರಿಪೇರಿಯಂಥ ಸ್ವಂತ ಉದ್ಯೋಗ ಕಲಿಯಬೇಕಿದ್ದರೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತದೆ. ಅದು ಮುಖ್ಯವಾಗಿ ಗ್ರಾಮೀಣ ಯುವಜನರಿಗೆ. ಕಸ ವಿಂಗಡಣೆ, ಗೊಬ್ಬರ ಮಾಡುವುದನ್ನು ಪಾಲಿಕೆಯ ಆರೋಗ್ಯ ವಿಭಾಗದವರನ್ನೇ ಒಂದು ಭಾನುವಾರ ಕರೆಸಿ ಹೇಳಿಸಿಕೊಳ್ಳಿ. ಅವರು ಒಮ್ಮೆ ನಿಮ್ಮ ಜೊತೆ ಏರಿಯ ಮೇಲೆ ನಿಂತು ಹೋದರೆ ಮುಂದಿನ ಹತ್ತು ಅರ್ಜಿಯ ಕೆಲಸ ಹಗುರಾಗುತ್ತದೆ.

ಲೆಕ್ಕ ಬರೆಯುವುದನ್ನು ಕಲಿಯಲು ನನ್ನ ಮೆಚ್ಚಿನ ಪಾಠಶಾಲೆ ಬೇರೆ. ನಿಮ್ಮ ಬೀದಿಯಲ್ಲೇ ಇರುವ ಹೆಣ್ಣುಮಕ್ಕಳ ಸ್ವಸಹಾಯ ಸಂಘ. 2000ದ ಆಸುಪಾಸಿನಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ, ಆಮೇಲೆ ಸಂಜೀವಿನಿ ಯೋಜನೆಯಲ್ಲಿ, ನಮ್ಮ ಎರಡೂ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಐದು ಸೂತ್ರ ಕಲಿತಿದ್ದಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಹೊತ್ತಿಗೆ ಮರುಪಾವತಿ, ಅಂದಂದಿನ ಲೆಕ್ಕ ಅಂದಂದೇ. ಸಹಿ ಬಾರದೆ ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಹದಿನೈದು ಸದಸ್ಯೆಯರ ಬಾಕಿಯನ್ನು ಪೈಸೆ ತಪ್ಪದೆ ಬಾಯಲ್ಲಿ ಹೇಳಿ, ಪುಸ್ತಕದಲ್ಲಿದ್ದ ತಪ್ಪನ್ನು ನನ್ನ ಕಣ್ಣೆದುರೇ ಹಿಡಿದರು. ಅಂಥ ಒಂದು ಸಂಘದ ಸಭೆಗೆ ನಿಮ್ಮ ಖಜಾಂಚಿಯನ್ನು ಮೂರು ಸಲ ಕಳಿಸಿ, ಮೂಲೆಯಲ್ಲಿ ಕೂತು ನೋಡಿ ಬರಲಿ.

ಚಳ್ಳಕೆರೆ, ಹೊಸದುರ್ಗ, ಜಗಳೂರು ಕಡೆಯ ಹಳ್ಳಿಗಳಲ್ಲಿ ಇದೇ ಪ್ರಶ್ನೆ ಇರುವವರಿಗೆ ದಾರಿ ಸ್ವಲ್ಪ ಸುಲಭ. ಗ್ರಾಮಸಭೆಯಲ್ಲಿ ಎದ್ದು ನಿಂತು ಬೇಡಿಕೆ ಇಟ್ಟು, ಅದು ನಡಾವಳಿಯಲ್ಲಿ ಬರೆಯಲಾಗಿದೆಯೇ ಎಂದು ಅಲ್ಲೇ ಓದಿಸಿ ಕೇಳಬಹುದು. ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟಗಳು ಒಡಂಬಡಿಕೆ ಮಾಡಿಕೊಂಡು ಕಸದ ವಾಹನ ನಡೆಸುತ್ತಿವೆ. ಚಾಲಕಿಯರೂ ಅವರೇ. ಸ್ಥಳೀಯ ಸಂಸ್ಥೆಯ ಹಣ ಸಮುದಾಯದ ಗುಂಪಿಗೆ ಕಾನೂನುಬದ್ಧವಾಗಿ ಹೋಗುವ ರೀತಿ ಅದೇ. ಕೆಲಸ ಇದೆ, ಒಪ್ಪಂದ ಇದೆ, ಪಾವತಿ ಇದೆ. ಅದು ಸೇವೆಯಲ್ಲ, ದುಡಿಮೆ, ಹಾಗಾಗಿ ಸರಿಯಾದ ಕೂಲಿ ಕೇಳಲೇಬೇಕು.

ಕೊನೆಯದಾಗಿ ಬಾವುಟದ ಭಯ. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಅದರಿಂದ ಕಟ್ಟಡದಂಥ ಬಾಳುವ ಆಸ್ತಿ ಆಗಬಹುದು, ನಿಮ್ಮ ಚಾಕ್‌ಪೀಸಿನ ಖರ್ಚು ಆಗದು. ಯಾರಾದರೂ ಸಮುದಾಯ ಭವನ ಕಟ್ಟಿಸಿಕೊಡುತ್ತೇವೆ ಎಂದರೆ ಬೇಡ ಅನ್ನಬೇಕಿಲ್ಲ. ಅದು ಸಾರ್ವಜನಿಕ ಹಣ, ಯಾರ ಮನೆಯದ್ದೂ ಅಲ್ಲ. ಆದರೆ ಕಟ್ಟಡ ಯಾರ ಹೆಸರಿನಲ್ಲಿ, ಬೀಗದ ಕೈ ಯಾರ ಬಳಿ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಈ ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಪೂಜೆಗೆ ಕಾಯಿ ಒಡೆಯಬೇಡಿ. ವೈಯಕ್ತಿಕವಾಗಿ ಯಾರೇ ದಾನ ಕೊಟ್ಟರೂ ಒಂದು ಮಿತಿ ಹಾಕಿಕೊಳ್ಳಿ. ವರ್ಷದ ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚು ಒಬ್ಬರಿಂದ ತೆಗೆದುಕೊಳ್ಳುವುದಿಲ್ಲ ಎಂದು ಠರಾವು ಮಾಡಿ, ಪಡಸಾಲೆಯ ಗೋಡೆಗೆ ಅಂಟಿಸಿ. ಬೇಡ ಎನ್ನಬೇಕಾದಾಗ ನಿಮ್ಮ ಹುಡುಗರು ಯಾರ ಮುಖವನ್ನೂ ಕೆಡಿಸಿಕೊಳ್ಳಬೇಕಿಲ್ಲ, ಗೋಡೆ ತೋರಿಸಿದರೆ ಸಾಕು.

ಈಗ ನೀವು ಕಳಿಸಿದ ಪುಟ. "ಪೊರಕೆ 6, 420. ಚಾಕ್ 40. ಬಲ್ಬ್ 110. ಚಹಾ 160. ಮಂಡಕ್ಕಿ ಮೆಣಸಿನಕಾಯಿ 200." ಕೆಳಗೆ ಗೆರೆ ಎಳೆದು 930. ಕೂಡಿದ್ದು ಸರಿಯಾಗಿದೆ. ದಿನಾಂಕ ಇಲ್ಲ, ಯಾರು ಕೊಟ್ಟ ದುಡ್ಡು ಎಂದಿಲ್ಲ, ಸಹಿ ಇಲ್ಲ. ಚಹಾ, ಮಂಡಕ್ಕಿಯನ್ನು ಬರೆಯಲು ಸಂಕೋಚವಾಗಿ ಆಮೇಲೆ ಸಣ್ಣ ಅಕ್ಷರದಲ್ಲಿ ಸೇರಿಸಿದ ಹಾಗೆ ಕಾಣುತ್ತದೆ. ಸಂಕೋಚ ಬೇಡ, ಮೂರು ತಾಸು ಗುಡಿಸಿದವರು ತಿಂದದ್ದು ಅದು, ದೊಡ್ಡ ಅಕ್ಷರದಲ್ಲೇ ಬರೆಯಿರಿ. ಹಳೆಯ ಮೂರು ವರ್ಷದ ಲೆಕ್ಕವನ್ನು ನೆನಪಿನಿಂದ ತುಂಬಿಸಲು ಹೋಗಬೇಡಿ, ಆ ನೋಟ್‌ಬುಕ್ ಇದ್ದ ಹಾಗೇ ಜೋಪಾನವಾಗಿಡಿ. ಒಂದು ಹೊಸ ಪುಸ್ತಕ ತಂದು ಪುಟಗಳಿಗೆಲ್ಲ ಸಂಖ್ಯೆ ಹಾಕಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಮೊದಲ ಸಾಲಿನಲ್ಲಿ ಇವತ್ತಿನ ದಿನಾಂಕ, ಕೈಯಲ್ಲಿರುವ ನಗದು ಎಷ್ಟೋ ಅಷ್ಟು, ಸೊನ್ನೆಯಾದರೆ ಸೊನ್ನೆ. ಮೂವರು ಸಹಿ ಮಾಡಿ. ಆರು ತಿಂಗಳ ನಂತರ ಆ ಪುಸ್ತಕದ ಫೋಟೊ ಕಳಿಸಿ, ನೋಡಿ ತಿದ್ದಿ ಕೊಡುತ್ತೇನೆ.